ಒಂದು ಖೋಕಾ ಕಡಿಮೆ

ಗುಂಡು ಹಾರಿದ ಮೇಲೆ ರೈಫಲ್‌ನಿಂದ ಆಚೆ ಬೀಳುವ ಹಿತ್ತಾಳೆ ಕೊಳವೆಗೆ ಎನ್‌ಸಿಸಿಯಲ್ಲಿ ಖೋಕಾ ಅಂತಾರೆ. ಎಷ್ಟು ಗುಂಡು ಕೊಟ್ಟಿರುತ್ತಾರೋ ಅಷ್ಟು ಖೋಕಾ ಲೆಕ್ಕಕ್ಕೆ ವಾಪಸ್ ಬರಬೇಕು. ನಾನು ಪಿಯುಸಿಯಲ್ಲಿದ್ದಾಗ ಕೋಲಾರದ ಹೊರಗೆ, ಅಂತರಗಂಗೆ ಬೆಟ್ಟ ಎದುರಿಗೇ ಕಾಣುವ ಬಯಲಿನಲ್ಲಿ ನಮ್ಮ ಫೈರಿಂಗ್ ಇತ್ತು. ಪಾಯಿಂಟ್ ಟೂ ಟೂ ರೈಫಲ್, ಒಬ್ಬೊಬ್ಬರಿಗೆ 5 ಗುಂಡು. ನನ್ನ ಸರದಿ ಮುಗಿದಾಗ ಕೈಯಲ್ಲಿ 4 ಖೋಕಾ ಮಾತ್ರ ಇತ್ತು.

ಯಾರೂ ಬೈಯಲಿಲ್ಲ. ಆದರೆ ಫೈರಿಂಗ್ ನಿಂತುಹೋಯಿತು. ಬಿಸಿಲಲ್ಲಿ ಎಲ್ಲರೂ ಮಂಡಿಯೂರಿ ಹುಲ್ಲು ಸರಿಸಿ ಹುಡುಕಿದೆವು. ಒಂದೂವರೆ ಸೆಂಟಿಮೀಟರ್ ಉದ್ದದ ವಸ್ತು, ಕೆಂಪು ಮಣ್ಣಲ್ಲಿ ಎಲ್ಲಿ ಅಂತ ಕಾಣುತ್ತದೆ? ಕೊನೆಗೆ ನಾನು ಮಲಗಿ ಗುರಿ ಹಿಡಿದಿದ್ದ ದರಿಯ ಮಡಿಕೆಯಲ್ಲೇ ಸಿಕ್ಕಿತು.

ಊಟದ ಹೊತ್ತಿಗೆ ಹವಾಲ್ದಾರ್ ಸರ್ ಕರೆದರು. ಅವರು ಸೈನ್ಯದಲ್ಲಿ ಬಂದೂಕು ರಿಪೇರಿ ವಿಭಾಗದಲ್ಲಿ ಇದ್ದವರು. ಆ ಖೋಕಾವನ್ನೇ ಅಂಗೈಲಿಟ್ಟು, "ನೋಡಮ್ಮ, ಅಂಚಲ್ಲಿ ಚಿಕ್ಕ ತಗ್ಗಿದೆ ಅಲ್ವಾ? ಸೂಜಿ ಬಡಿದ ಗುರುತು. ಕಿಡಿ ಹಚ್ಚುವ ಮದ್ದು ಈ ಅಂಚಿನ ಒಳಗೇ ಇರುತ್ತೆ. ಒಂದು ಸಲ ಬಡಿದರೆ ಇದರ ಕಥೆ ಮುಗೀತು" ಅಂದರು. ಪಾಠಕ್ಕೆ ಇಟ್ಟಿದ್ದ, ಸೈನ್ಯದ ರೈಫಲ್‌ನ ದೊಡ್ಡ 7.62 ಖೋಕಾ ತೆಗೆದು, "ಇದು ಹಾಗಲ್ಲ, ಕಿಡಿ ಹಚ್ಚುವ ಮದ್ದು ಬದಲಿಸಿ ಮತ್ತೆ ತುಂಬಬಹುದು" ಅಂದರು.

ಹೊರದೇಶಗಳಲ್ಲಿ ಗುರಿಕಾರರು ಇಂಥ ಖೋಕಾಗಳನ್ನೇ ಆರಿಸಿ ಮತ್ತೆ ತುಂಬಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವ ಹಾಗಿಲ್ಲ. ಆದರೂ ಆರಿಸುವ ಬಗೆಯನ್ನು ಹವಾಲ್ದಾರ್ ಸರ್ ಹೇಳಿದ ರೀತಿ ನನಗೆ ಇವತ್ತಿಗೂ ನೆನಪಿದೆ. ತಳದಲ್ಲಿ ಕೆತ್ತಿರುವ ಅಕ್ಷರ ನೋಡಿ ಒಂದೇ ಕಾರ್ಖಾನೆಯವನ್ನು ಒಟ್ಟಿಗೆ ಹಾಕಬೇಕು. ಸೈನ್ಯದ ಖೋಕಾದ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಅಷ್ಟೇ ಮದ್ದು ಹಾಕಿದರೂ ಒತ್ತಡ ಜಾಸ್ತಿಯಾಗುತ್ತದೆ. ತಳಕ್ಕಿಂತ ಸ್ವಲ್ಪ ಮೇಲೆ ಬಳೆಯಂಥ ಹೊಳೆಯುವ ಗೆರೆ ಕಂಡರೆ ಅನುಮಾನ ಪಡಬೇಕು. ತುದಿ ಬಗ್ಗಿಸಿದ ತಂತಿಯನ್ನು ಒಳಗಿನ ಗೋಡೆಗೆ ಒತ್ತಿ ಎಳೆದಾಗ ಅದೇ ಜಾಗದಲ್ಲಿ ತಡೆದರೆ ಅಲ್ಲಿ ಲೋಹ ತೆಳುವಾಗಿದೆ ಅಂತ ಅರ್ಥ. ಅಂಥದ್ದನ್ನು ಬಿಸಾಕಲೇಬೇಕು.

"ಕುತ್ತಿಗೆ ನೋಡು" ಅಂತ ತೋರಿಸಿದರು. ನೂರಕ್ಕೆ 70 ತಾಮ್ರ, 30 ಸತು. ಗುಂಡು ಸಿಡಿದಾಗ ಈ ಹಿತ್ತಾಳೆ ಉಬ್ಬಿ ರೈಫಲ್‌ನ ಒಳಗೋಡೆಗೆ ಅಂಟಿಕೊಂಡು ಬಿಸಿ ಗಾಳಿ ಹಿಂದಕ್ಕೆ ಬರದಂತೆ ತಡೆಯುತ್ತದೆ. ಮರುಕ್ಷಣ ಚೂರು ಕುಗ್ಗುವುದರಿಂದ ಸಲೀಸಾಗಿ ಆಚೆ ಬರುತ್ತದೆ. ಹೀಗೆ ಉಬ್ಬಿಸಿ, ಮತ್ತೆ ಅಚ್ಚಲ್ಲಿ ಒತ್ತಿ, ಪದೇ ಪದೇ ಮಾಡಿದರೆ ಕುತ್ತಿಗೆ ಗಡುಸಾಗಿ ಸೀಳುತ್ತದೆ. ಅದಕ್ಕೆ ಕುತ್ತಿಗೆಯನ್ನಷ್ಟೇ ಬೆಂಕಿಗೆ ಹಿಡಿದು ಮೆತ್ತಗೆ ಮಾಡಬೇಕು. ತಳ ಗಡುಸಾಗೇ ಇರಬೇಕು. ಪಾತ್ರೆ ಬಡಿಯುವವರು ನಡುನಡುವೆ ಕಾಯಿಸುವುದೂ ಇದಕ್ಕೇ ಅಂದರು.

ಆಮೇಲೆ ಬ್ರಿಟಿಷರ ಕಾಲದ ವಿಷಯ ಬಂತು. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಿದ್ದ ಗುಂಡುಗಳು, ಯಾರೂ ಮುಟ್ಟದೇ ಇದ್ದರೂ, ಸೀಳಿಹೋಗಿದ್ದವಂತೆ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ, ಎರಡೂ ಸೇರಿ ಹೀಗಾಗುತ್ತದೆ. 1921ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಈ ಕಾರಣ ವಿವರಿಸಿ ಬರೆದರು ಅಂತ ನಾನು ಎಷ್ಟೋ ವರ್ಷದ ನಂತರ ಓದಿದೆ.

ಆದರೆ ಅವತ್ತು ಅವರ ಮಾತು ಕೇಳುತ್ತಿದ್ದಾಗಲೇ ನನಗೆ ನಮ್ಮ ಕೊಟ್ಟಿಗೆ ಕಣ್ಣ ಮುಂದೆ ಬಂತು.

ಕ್ಯಾಂಪ್ ಮುಗಿಸಿ ಊರಿಗೆ ಬಂದವಳು ಬ್ಯಾಗ್ ಇಳಿಸಿ ನೇರ ಅಲ್ಲಿಗೇ ಹೋದೆ. ಹಸುಗಳ ಹಿಂದಿನ ಗೂಡಿನಲ್ಲಿ ಅಜ್ಜಿಯ ಹಿತ್ತಾಳೆ ಚೊಂಬು ಇತ್ತು. ಒಡೆದದ್ದು ಅಂತ ಯಾರೂ ಬಳಸುತ್ತಿರಲಿಲ್ಲ. ಕಂಠದಿಂದ ಹೊಟ್ಟೆವರೆಗೆ ಕೂದಲೆಳೆಯಂಥ ಬಿರುಕು. ಉಗುರು ಇಟ್ಟು ಎಳೆದರೆ ಕಿರ್ ಅನ್ನುತ್ತಿತ್ತು. ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಒಂದು ನೆಗ್ಗಿಲ್ಲ. ಕೆಳಗೆ ಬಿದ್ದಿದ್ದರೆ ನೆಗ್ಗದೇ ಇರುತ್ತಿತ್ತೇ?

ಅದನ್ನು ಬೀಳಿಸಿದ ಅಂತ ನನ್ನ ತಮ್ಮ ಅಮ್ಮನ ಕೈಲಿ ಏಟು ತಿಂದಿದ್ದ. ನಾನಲ್ಲ ನಾನಲ್ಲ ಅಂತ ಅತ್ತಿದ್ದ. ಚೊಂಬು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ, "ಅಮ್ಮ, ಅವನನ್ನೂ ಕರಿ" ಅಂದೆ.