ಡಿ ಡ್ರೈವ್‌ನಲ್ಲಿದ್ದರೆ ಉಳಿಯುತ್ತದೆ ಅನ್ನೋ ನಂಬಿಕೆ ಬೇಡ

"ಎಲ್ಲಾ ಡಿ ಡ್ರೈವ್‌ನಲ್ಲಿದೆ, ಫಾರ್ಮ್ಯಾಟ್ ಮಾಡಿ ಕೊಡಿ." ಕೊಡಗಿನಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವರು ದಿನಾ ಕೇಳುವ ಮಾತಿದು. ಹಾಗೇ ನಂಬಿ ಕೆಲಸ ಶುರು ಮಾಡಬಾರದು. ಮನೆಯ ಕಂಪ್ಯೂಟರುಗಳಲ್ಲಿ ಸಿ, ಡಿ ಹೆಚ್ಚಾಗಿ ಒಂದೇ ಡಿಸ್ಕಿನ ಎರಡು ಪಾಲು. ಇನ್‌ಸ್ಟಾಲ್ ಆಗುವಾಗ ಎಂಬಿಆರ್ (ಡಿಸ್ಕ್ ಪಾಲು ಮಾಡುವ ಹಳೆಯ ಪದ್ಧತಿ) ಎರರ್ ಬಂತೆಂದು ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪರದೆ ತೆರೆದು, ಡಿಸ್ಕ್ ಪಾಲು ಮಾಡುವ ಟೂಲಾದ ಡಿಸ್ಕ್‌ಪಾರ್ಟ್‌ನಲ್ಲಿ 'ಕ್ಲೀನ್' ಕೊಟ್ಟರೆ ಸಿ ಜೊತೆ ಡಿಯೂ ಹೋಗುತ್ತದೆ. ಅದರ ಮೇಲೆ ಹೊಸ ವಿಂಡೋಸ್ ಕೂತ ಮೇಲೆ ರಿಕವರಿಯ ಆಸೆ ಅಷ್ಟಕ್ಕಷ್ಟೆ. ಅದೂ ಅಲ್ಲದೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇರುವುದೇ ಸಿಯಲ್ಲಿ. ತೋಟದ ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ) ಎಕ್ಸೆಲ್, ಹೋಂಸ್ಟೇ ಬುಕಿಂಗ್ ಪಟ್ಟಿ, ಪುತ್ತರಿ ಹಬ್ಬದ ಫೋಟೊ, ಎಲ್ಲವೂ ಡೆಸ್ಕ್‌ಟಾಪಿನಲ್ಲೇ ಬಿದ್ದಿರುತ್ತವೆ.

ಮರೆತುಹೋಗುವುದರಲ್ಲಿ ಮೊದಲನೆಯದು ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ. ಅದರ ಡೇಟಾ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್ ಒಳಗಿನ ಟ್ಯಾಲಿ ಫೋಲ್ಡರಿನಲ್ಲಿರುತ್ತದೆ. ಕಂಪನಿಯ ಹೆಸರಿನ ಬದಲು 10000 ಎಂಬಂಥ ಬರೀ ಅಂಕಿಯ ಫೋಲ್ಡರ್ ಕಾಣುವುದರಿಂದ ಕಸ ಅಂದುಕೊಂಡು ಬಿಟ್ಟುಬಿಡುತ್ತಾರೆ. ಟ್ಯಾಲಿ ತೆರೆದು, ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ಡೇಟಾ ಪಾತ್ ನೋಡಿಕೊಂಡೇ ಕಾಪಿ ಮಾಡಿ. ಇಂಟರ್ನೆಟ್ ಇರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿ.

ಆಮೇಲೆ ನುಡಿ, ಬರಹ ಫಾಂಟುಗಳು. ಹಳೆಯ ಅರ್ಜಿ, ಸಂಘದ ನಡಾವಳಿ ಎಲ್ಲ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ, ಹೊಸ ವಿಂಡೋಸಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಮಾಡಿ. ಲ್ಯಾಪ್‌ಟಾಪಾದರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯೇ ನೋಡಿ. ಇದ್ದರೆ ಬಯಾಸ್ (ಬೋರ್ಡಿನ ಮೂಲ ಸೆಟಪ್) ಮುಟ್ಟುವ ಮೊದಲೇ 48 ಅಂಕಿಯ ರಿಕವರಿ ಕೀ ಕೈಯಲ್ಲಿರಬೇಕು. ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಬೇರೆಡೆ ಹಾಕಿದರೂ ಒಳಗಿನದು ಸಿಗದು.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ತಪ್ಪು ನಿಜಕ್ಕೂ ವಿಂಡೋಸಿನದೇ? ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ತಿಂಗಳುಗಟ್ಟಲೆ ತೇವ ಆರದ ಊರಿದು. ರ್‍ಯಾಮಿನ ಚಿನ್ನದ ಬಣ್ಣದ ಅಂಚಿಗೆ ಪದರ ಕಟ್ಟಿ ಬ್ಲೂ ಸ್ಕ್ರೀನ್ ಬರುವುದುಂಟು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಫಾರ್ಮ್ಯಾಟೇ ಬೇಕಾಗುವುದಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಡಿಸ್ಕ್ ತಪಾಸಣೆಯ ಟೂಲ್ ಹಾಕಿ ನೋಡಿ: ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ ಎಣಿಕೆ, ಅಂದರೆ ಕೆಟ್ಟ ಜಾಗಗಳ ಲೆಕ್ಕ, ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಅಂಥದ್ದಕ್ಕೆ ವಿಂಡೋಸ್ ಹಾಕುವುದು ಗ್ರಾಹಕರ ದುಡ್ಡು ದಂಡ.

ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಹೊಸದಲ್ಲ. ಹಾಗಾಗಿ ವಿಂಡೋಸಿನೊಳಗಿನ 'ರೀಸೆಟ್' ನಮಗೆ ಇಷ್ಟವಿಲ್ಲ. ನಡುವೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದರಲ್ಲಿ ಕ್ಲೌಡ್ ಡೌನ್‌ಲೋಡ್ ಆರಿಸಿದರೆ ಕೆಲವು ಜಿಬಿ ಡೇಟಾ ಬೇರೆ. 8 ಜಿಬಿಗೆ ಕಡಿಮೆಯಿಲ್ಲದ ಪೆನ್‌ಡ್ರೈವಿಗೆ ಮೀಡಿಯಾ ಕ್ರಿಯೇಷನ್ ಟೂಲಿನಿಂದ ಒಮ್ಮೆ ಬರೆದಿಟ್ಟುಕೊಂಡರೆ, ಕರೆಂಟ್ ಕೈಕೊಟ್ಟರೂ ಮತ್ತೆ ಮೊದಲಿಂದ ಶುರು ಮಾಡಬಹುದು. ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ, ಆದರೆ ಚಿಕ್ಕ ಯುಪಿಎಸ್ ನೆಚ್ಚಿಕೊಂಡು ಬಯಾಸ್ ಅಪ್‌ಡೇಟ್‌ಗೆ ಕೈ ಹಾಕಬೇಡಿ.

ಎರಡು ಡಿಸ್ಕ್ ಇದ್ದರೆ ವಿಂಡೋಸ್ ಹಾಕದ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಟ್ಟೇ ಕೂರಬೇಕು. ಇಲ್ಲದಿದ್ದರೆ ಬೂಟ್ ಭಾಗ ಇನ್ನೊಂದು ಡಿಸ್ಕಿನಲ್ಲಿ ಕೂತು, ಮುಂದೆ ಆ ಡಿಸ್ಕ್ ತೆಗೆದ ದಿನ ವಿಂಡೋಸ್ ಏಳುವುದಿಲ್ಲ. ಇಂಟೆಲ್ 11ನೇ ತಲೆಮಾರಿನಿಂದೀಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೆಟಪ್‌ಗೆ ಡಿಸ್ಕೇ ಕಾಣುವುದಿಲ್ಲ. ಗಾಬರಿ ಬೇಡ, ಇಂಟೆಲಿನ ಸ್ಟೋರೇಜ್ ಡ್ರೈವರಾದ ವಿಎಂಡಿಯನ್ನು ಪೆನ್‌ಡ್ರೈವಿನಲ್ಲಿ ಬಿಡಿಸಿಟ್ಟು 'ಲೋಡ್ ಡ್ರೈವರ್' ಕೊಡಿ. ವೈಫೈ ಡ್ರೈವರ್ ಸಿಗದಿದ್ದರೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಸಾಕು. ಮೊದಲು ಆಕ್ಟಿವೇಟ್ ಆಗಿದ್ದ ಯಂತ್ರವಾದರೆ ಕೀ ಕೇಳಿದಾಗ ಬಿಟ್ಟು ಮುಂದೆ ಹೋಗಿ, ಆದರೆ ಮೊದಲಿದ್ದ ಎಡಿಷನ್ನೇ ಆರಿಸಿ: ಹೋಮ್ ಇದ್ದಲ್ಲಿ ಪ್ರೋ ಹಾಕಿದರೆ ಆಕ್ಟಿವೇಟ್ ಆಗದು. ಎಲ್ಲ ಸರಿಯಿದ್ದೂ ವೆಬ್‌ಸೈಟುಗಳು ಸರ್ಟಿಫಿಕೇಟ್ ಎರರ್ ತೋರಿಸಿದರೆ ತಾರೀಕು ನೋಡಿ; ತಪ್ಪಿದ್ದರೆ ಹೆಚ್ಚಾಗಿ ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನಿಂದೀಚಿನ ಪ್ರೊಸೆಸರ್ ಬೇಕು. ಹಳೆಯ ಯಂತ್ರದಲ್ಲಿ ಬರೀ ಬ್ರೌಸಿಂಗ್ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ಕೊಡಬಹುದು. ಟ್ಯಾಲಿ, ನುಡಿ ಬೇಕೆನ್ನುವವರಿಗೆ ಅದು ಒಗ್ಗದು.

ನಮ್ಮನ್ನು ಕೇಳಿದರೆ, ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರನ್ನು ಅಳಿಸಲೇಬೇಡಿ. 256 ಜಿಬಿ ಎಸ್‌ಎಸ್‌ಡಿ ಹಾಕಿ ಅದಕ್ಕೆ ವಿಂಡೋಸ್ ಹಾಕಿ, ಹಳೆಯ ಡಿಸ್ಕನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಮನೆಯವರಿಗೇ ಕೊಡಿ. ಮುಂದೊಂದು ದಿನ ಗುಜರಿಗೆ ಹಾಕುವಾಗ ಆ ಡಿಸ್ಕನ್ನಷ್ಟೇ ಆರಿಸಿ ಡಿಸ್ಕ್‌ಪಾರ್ಟ್‌ನಲ್ಲಿ 'ಕ್ಲೀನ್ ಆಲ್' ಕೊಟ್ಟರೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಗಂಟೆಗಟ್ಟಲೆ ಹಿಡಿಯುವುದರಿಂದ ರಾತ್ರಿ ಹಚ್ಚಿ ಬಿಡಿ. ಎಸ್‌ಎಸ್‌ಡಿಗೆ ಈ ದಾರಿ ಬೇಡ, ಬಯಾಸ್‌ನಲ್ಲಿ ಅಥವಾ ತಯಾರಕರ ಟೂಲಿನಲ್ಲಿ ಸೆಕ್ಯೂರ್ ಇರೇಸ್ ಇದ್ದರೆ ಅದನ್ನು ಬಳಸಿ.