ನೂರೈವತ್ತು ರೂಪಾಯಿಯ ಕ್ಷೌರದ ಕತ್ತಿ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನೆರೆಯುವ ಸಂಡೇ ಬಜಾರಿನಲ್ಲಿ, ಗೋಣಿತಾಟಿನ ಮೇಲೆ ಹರಡಿದ್ದ ತುಕ್ಕುಹಿಡಿದ ಸ್ಪ್ಯಾನರುಗಳು ಮತ್ತು ಜೊತೆ ತಪ್ಪಿದ ಬೀಗಗಳ ನಡುವೆ, ಮಡಿಸುವ ಎರಡು ಹಳೆಯ ಕ್ಷೌರದ ಕತ್ತಿಗಳು ನನ್ನ ಕಣ್ಣಿಗೆ ಬಿದ್ದವು. ಒಂದೊಂದಕ್ಕೆ ಮುನ್ನೂರು ಎಂದ ವ್ಯಾಪಾರಿ, ನಾನು ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ನೂರೈವತ್ತಕ್ಕೆ ಇಳಿದ. ಅದಕ್ಕೂ ಒಂದು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ 399 ರೂಪಾಯಿಗೆ ಥಳಥಳಿಸುವ ಹೊಸ ಸ್ಟೀಲ್ ಕತ್ತಿಯೊಂದನ್ನು ತರಿಸಿ ಕೈ ಸುಟ್ಟುಕೊಂಡಿದ್ದ ನನಗೆ, ಹಳೆಯದರಲ್ಲಾದರೂ ಸತ್ವವಿರಬಹುದು ಎಂಬ ಆಸೆಯಿತ್ತು, ಎರಡನ್ನೂ ಕೊಂಡುಕೊಂಡೆ.

ಹೊಸ ಕತ್ತಿ ಏಕೆ ಕೈಕೊಟ್ಟಿತು ಎಂಬುದನ್ನು ಮೊದಲು ಹೇಳಬೇಕು. ಇಂಥ ಕತ್ತಿಯನ್ನು ಮಸೆಯುವಾಗ ಅದರ ಬೆನ್ನು ಮತ್ತು ಬಾಯಿ, ಎಂದರೆ ಹರಿತವಾದ ಅಂಚು, ಎರಡನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿ ಎಳೆಯುತ್ತಾರೆ. ಅಡುಗೆಮನೆಯ ಚಾಕುವಿನಂತೆ ಕೋನವನ್ನು ಕೈಯಲ್ಲಿ ಹಿಡಿದಿಡುವ ಕಷ್ಟ ಇಲ್ಲಿಲ್ಲ, ಏಕೆಂದರೆ ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಆದ್ದರಿಂದ ಬೆನ್ನು ವಕ್ರವಾಗಿದ್ದರೆ, ಅದನ್ನು ಸಮ ಮಾಡುವವರೆಗೆ ಬಾಯಿ ನೆಟ್ಟಗಾಗುವುದಿಲ್ಲ. ನಾನು ಬಾಯಿಯ ಉದ್ದಕ್ಕೂ ಕಪ್ಪು ಮಾರ್ಕರ್ ಬಳಿದು ಕಲ್ಲಿನ ಮೇಲೆ ನಾಲ್ಕು ಬಾರಿ ಎಳೆದು ನೋಡಿದಾಗ, ತುದಿ ಮತ್ತು ಬುಡದ ಶಾಯಿ ಅಳಿಸಿ ನಡುವಿನದು ಹಾಗೆಯೇ ಉಳಿದಿತ್ತು. ಎರಡು ಸಂಜೆ ಕೂತು ಉಜ್ಜಿ ಹೇಗೋ ಸಮ ಮಾಡಿದರೂ, ಒಂದೇ ಕ್ಷೌರಕ್ಕೆ ಬಾಯಿ ಮಡಿಚಿಕೊಂಡಿತು. ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿಗೊಳಿಸುವ ಹದವನ್ನೇ ಕೊಟ್ಟಿರಲಿಲ್ಲ. ಹದವಿಲ್ಲದ ಉಕ್ಕನ್ನು ಮನೆಯಲ್ಲಿ ಯಾರೂ ರಿಪೇರಿ ಮಾಡಲಾರರು. ಅದು ಈಗ ಪೋಸ್ಟಿನಲ್ಲಿ ಬರುವ ಲಕೋಟೆಗಳನ್ನು ಬಿಡಿಸುವ ಕೆಲಸ ಮಾಡುತ್ತಿದೆ.

ಬಜಾರಿನಿಂದ ತಂದ ಎರಡನ್ನು ಮೊದಲು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ಬಳಿಕ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿದೆ. ಯಾರ ಯಾರ ಗಲ್ಲದ ಮೇಲೆ ಓಡಾಡಿದ ಕತ್ತಿಯೋ ಯಾರಿಗೆ ಗೊತ್ತು, ಈ ಒಂದು ವಿಷಯದಲ್ಲಿ ಸೋಮಾರಿತನ ಕೂಡದು. ತುಕ್ಕಿನ ಪೊರೆ ಸರಿದಾಗ ಎರಡರ ಬುಡದಲ್ಲಿಯೂ ಒಂದೇ ಊರಿನ ಹೆಸರು ಕಾಣಿಸಿತು: ಸೋಲಿಂಗನ್, ಜರ್ಮನಿ. ಕತ್ತಿ, ಚಾಕು, ಕತ್ತರಿಗಳಿಗೆ ಇಂಗ್ಲೆಂಡಿನ ಶೆಫೀಲ್ಡಿನಷ್ಟೇ ಹೆಸರಾದ ಊರು ಅದು; ಬೇರೆ ಕಡೆ ಮಾಡಿದ ಅಲಗುಗಳ ಮೇಲೆ ಆ ಹೆಸರನ್ನು ಒತ್ತಬಾರದೆಂದು ಜರ್ಮನಿಯಲ್ಲಿ 1938ರಲ್ಲಿ ಕಾನೂನನ್ನೇ ಮಾಡಿದ್ದಾರೆ. ನಿಧಿ ಸಿಕ್ಕವನಂತೆ ಹೆಂಡತಿಗೆ ತೋರಿಸಿದೆ. ಅವಳು ತುಕ್ಕಿನ ನೀರು ಚೆಲ್ಲಿದ್ದ ಸಿಂಕನ್ನು ತೋರಿಸಿದಳು.

ಹೆಸರು ಒಂದೇ ಆದರೂ ಎರಡು ಕತ್ತಿಗಳ ಹಣೆಬರಹ ಒಂದೇ ಆಗಿರಲಿಲ್ಲ. ಒಂದರ ಹಿಡಿ ಕೋಣದ ಕೊಂಬಿನದು. ಇನ್ನೊಂದರದು ಆನೆದಂತದಂತೆ ಕಾಣುವ ಸೆಲ್ಯುಲಾಯ್ಡ್, ಕರ್ಪೂರ ಬೆರೆಸಿ ಮಾಡುತ್ತಿದ್ದ ಹಳೆಯ ಕಾಲದ ಪ್ಲಾಸ್ಟಿಕ್. ನೋಡಲು ಅದೇ ಚೆಂದ, ನಾನು ಅದರ ಮೇಲೆಯೇ ಕಣ್ಣಿಟ್ಟಿದ್ದೆ. ಬಿಚ್ಚಿ ಮೂಗಿನ ಹತ್ತಿರ ಹಿಡಿದಾಗ ಕರ್ಪೂರದೊಡನೆ ಯಾವುದೋ ಹುಳಿ ಘಾಟು ಬಂತು. ಸೆಲ್ಯುಲಾಯ್ಡ್ ಹಳತಾಗಿ ಕೊಳೆಯತೊಡಗಿದರೆ ಆಮ್ಲದ ಆವಿಯನ್ನು ಬಿಡುತ್ತದೆ, ಮತ್ತು ಮಡಿಸಿಟ್ಟ ಕತ್ತಿಯ ಬಾಯಿ ವರ್ಷಗಟ್ಟಲೆ ಆ ಆವಿಯೊಳಗೇ ಮಲಗಿರುತ್ತದೆ. 400ರ ಎಮರಿ ಪೇಪರಿನಿಂದ ಆರಂಭಿಸಿ 2000ದವರೆಗೆ (ಸಂಖ್ಯೆ ಹೆಚ್ಚಿದಷ್ಟೂ ಪೇಪರಾಗಲಿ ಕಲ್ಲಾಗಲಿ ನುಣುಪು) ಉಜ್ಜಿ ಅಲಗನ್ನು ಕನ್ನಡಿಯಂತೆ ಮಾಡಿದೆ; ಆದರೆ ಬಾಯಿಯ ಅಂಚಿನಲ್ಲೇ ಸಾಸಿವೆಗಿಂತ ಸಣ್ಣ ನಾಲ್ಕೈದು ಗುಳಿಗಳು ಉಳಿದವು. ಕಲ್ಲಿನ ಮೇಲೆ ಎಳೆದಾಗಲೆಲ್ಲ ಬಾಯಿ ಆ ಗುಳಿಗಳ ಹತ್ತಿರವೇ ಚಕ್ಕೆ ಏಳುತ್ತಿತ್ತು, ಇನ್ನಷ್ಟು ಸವೆಸಿದರೆ ಅದರ ಕೆಳಗೆ ಇನ್ನೊಂದು ಗುಳಿ ಬಾಯಿ ತೆರೆಯುತ್ತಿತ್ತು. ನಾಲ್ಕು ತಾಸಿನ ಬಳಿಕ ಅದನ್ನು ಕೈಬಿಟ್ಟೆ.

ಕೊಂಬಿನ ಹಿಡಿಯದು ನೋಡಲು ಕುರೂಪಿ. ಅಲಗಿನ ಮೈಮೇಲೆಲ್ಲ ಕಪ್ಪು ಕಲೆಗಳು, ಹಿಡಿಯ ಒಂದು ಮೂಲೆಯನ್ನು ಹುಳು ತಿಂದಿತ್ತು. ಆದರೆ ಬೆನ್ನಿನ ಎರಡೂ ಬದಿಗಳಲ್ಲಿ ಸವೆತ ಒಂದೇ ಅಗಲವಾಗಿತ್ತು; ಎಂದರೆ ಹಿಂದೆ ಮಸೆದವನಿಗೆ ಕೆಲಸ ಗೊತ್ತಿತ್ತು. ಕಲೆಗಳು ಬಾಯಿಯಿಂದ ದೂರವೇ ನಿಂತಿದ್ದವು. 1000ದ ಕಲ್ಲಿನಲ್ಲಿ ಬಾಯಿಯನ್ನು ಹೊಸದಾಗಿ ತೆರೆದು, 6000ದ ಕಲ್ಲು ದಾಟಿ 12000ದ ನುಣುಪು ಕಲ್ಲಿಗೆ ಬರುವಷ್ಟರಲ್ಲಿ ಕತ್ತಿ ನೀರಿನ ಪದರಕ್ಕೆ ಅಂಟಿಕೊಂಡು ಮೇಲೇಳಲು ಹಟ ಮಾಡತೊಡಗಿತು. ಅದು ಒಳ್ಳೆಯ ಲಕ್ಷಣ, ಕಲ್ಲು ಮತ್ತು ಬಾಯಿ ಪೂರ್ತಿ ಕೂಡಿವೆ ಎಂದರ್ಥ. ಕೊನೆಗೆ ಹಳೆಯ ಚರ್ಮದ ಬೆಲ್ಟನ್ನು ಮಸೆಯುವ ಪಟ್ಟಿಯಾಗಿ ಕಿಟಕಿಯ ಸರಳಿಗೆ ಕಟ್ಟಿ, ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಅರವತ್ತು ಬಾರಿ ಎಳೆದೆ.

ಆದರೂ ಮೊದಲ ಕ್ಷೌರದಲ್ಲಿ ಕತ್ತಿ ಕೂದಲನ್ನು ಕಡಿಯದೆ ಜಗ್ಗಿತು; ದವಡೆಯ ತಿರುವಿನಲ್ಲಿ ಗಾಯವೂ ಆಗಿ ಪಟಿಕದ ಕಲ್ಲು ಒತ್ತಬೇಕಾಯಿತು. ಮರುದಿನ ನಮ್ಮ ಬೀದಿಯ ಕ್ಷೌರದಂಗಡಿಯ ಹಿರಿಯರ ಬಳಿಗೆ ಕತ್ತಿಯನ್ನು ಒಯ್ದೆ. ಈಗ ಅಂಗಡಿ ಮಗನದು, ಅವರು ಬೆಳಗ್ಗೆ ಬಂದು ಪೇಪರು ಓದುತ್ತಾ ಕೂರುತ್ತಾರೆ. ಕನ್ನಡಕ ಏರಿಸಿಕೊಂಡು ಕತ್ತಿಯನ್ನು ಬೆಳಕಿಗೆ ಹಿಡಿದರು, ಹೆಬ್ಬೆರಳಿನ ಉಗುರಿನಿಂದ ಬಾಯಿಯನ್ನು ಮೆಲ್ಲಗೆ ಮೀಟಿದರು; ಅದು ಸಣ್ಣಗೆ ಝಣ್ ಎಂದಿತು.

“ಕತ್ತಿ ಚೆನ್ನಾಗಿದೆ ಸ್ವಾಮಿ, ಕೈ ಚೆನ್ನಾಗಿಲ್ಲ,” ಎಂದರು. “ಪಟ್ಟಿ ಮೇಲೆ ತಿರುಗಿಸುವಾಗ ಬಾಯಿ ಮೇಲೆ ಹೊರಳಿಸ್ತಾ ಇದ್ದೀರಿ. ಬೆನ್ನಿನ ಮೇಲೆ ಹೊರಳಿಸಬೇಕು.”

ಬಳಿಕ ತಮ್ಮ ಎಡ ಅಂಗೈಯನ್ನೇ ಪಟ್ಟಿಯಾಗಿ ಚಾಚಿ, ಮಾತಾಡುತ್ತಲೇ, ಕತ್ತಿಯನ್ನು ನೋಡದೆಯೇ ಹತ್ತಿಪ್ಪತ್ತು ಬಾರಿ ಆಚೆ ಈಚೆ ಆಡಿಸಿದರು. ಬೆನ್ನು ಅಂಗೈಯನ್ನು ಒಮ್ಮೆಯೂ ಬಿಟ್ಟು ಏಳಲಿಲ್ಲ. ಏಡ್ಸ್ ಭಯ ಹರಡಿದ ಮೇಲೆ ಗಿರಾಕಿಗಳೆಲ್ಲ ಹೊಸ ಬ್ಲೇಡು ಕೇಳತೊಡಗಿದ್ದರಿಂದ, ಬ್ಲೇಡನ್ನು ಎರಡು ತುಂಡು ಮಾಡಿ ಅರ್ಧ ತುಂಡನ್ನು ಸಿಕ್ಕಿಸುವ ಕತ್ತಿಗೆ ತಾವೂ ಬದಲಾದೆವೆಂದು ಹೇಳಿದರು. ಅದು ಸರಿಯಾದದ್ದೇ ಎಂಬುದು ಅವರ ಅಭಿಪ್ರಾಯ, ನನ್ನದೂ ಅದೇ. ಇದಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳಿದರು, ಹೇಳಿದೆ. ತಮ್ಮ ಬಳಿಯಿದ್ದ ಇಂಥ ಐದನ್ನು ಗುಜರಿಯವನ ತಕ್ಕಡಿಗೆ ಹಾಕಿದ್ದನ್ನು ನೆನೆದು ನಕ್ಕರು.

ನೂರೈವತ್ತು ಎಂದು ಅವರಿಗೆ ಹೇಳಿದ್ದು ಪೂರ್ತಿ ನಿಜವಲ್ಲ. ಎರಡು ಕಲ್ಲುಗಳಿಗೆ (ಒಂದರಲ್ಲಿ ಎರಡು ಮುಖ) 3,200 ರೂಪಾಯಿ ಆಗಿತ್ತು, ಎಮರಿ ಪೇಪರು, ಸ್ಪಿರಿಟ್ಟು, ಕೈಬಿಟ್ಟ ಕತ್ತಿಯ ನೂರೈವತ್ತು ಬೇರೆ. ಅದೇ ಅಂಗಡಿಯಲ್ಲಿ ಒಂದು ಕ್ಷೌರಕ್ಕೆ 80 ರೂಪಾಯಿ. ಹಾಕಿದ ದುಡ್ಡು ಹುಟ್ಟಬೇಕಾದರೆ ನಲವತ್ತಕ್ಕೂ ಹೆಚ್ಚು ಬಾರಿ ನಾನೇ ಬೋಳಿಸಿಕೊಳ್ಳಬೇಕು. ಹಣ ಉಳಿಸಲೆಂದು ಹೊರಟವರು ಈ ದಾರಿಗೆ ಬರಬಾರದು. ಕಲ್ಲುಗಳು ಹೇಗೂ ಮನೆಯಲ್ಲಿವೆ, ಭಾನುವಾರದ ಬೆಳಗು ಕೈಯಲ್ಲಿದೆ ಎನ್ನುವವರು ಮಾತ್ರ, ಊರಿನ ಹೆಸರಿನ ಮುದ್ರೆಯನ್ನು ಆಮೇಲೆ ಓದಿದರಾಯಿತೆಂದು ಮೊದಲು ಬಾಯಿಯ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ ಕೊಳ್ಳಬಹುದು.

ಕಳೆದ ತಿಂಗಳು ಅದೇ ಗೋಣಿತಾಟಿನ ಮೇಲೆ ಇನ್ನೊಂದು ಕತ್ತಿ ಇತ್ತು, ಆಮೆಚಿಪ್ಪಿನ ಬಣ್ಣದ ಮಿನುಗುವ ಹಿಡಿ. ಮೂಗಿಗೆ ಹಿಡಿದೆ, ವ್ಯಾಪಾರಿ ನನ್ನನ್ನು ವಿಚಿತ್ರವಾಗಿ ನೋಡಿದ. ಅದೇ ಹುಳಿ ಘಾಟು. ಕೆಳಗಿಟ್ಟು, ಪಕ್ಕದವನ ಬಳಿ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಬಾಟಲಿಯೊಂದನ್ನು ಕೊಂಡು ಮನೆಗೆ ಬಂದೆ. ಕೊಂಬಿನ ಹಿಡಿಯದಕ್ಕೆ ಕ್ಷೌರವಾದ ಮೇಲೆ ಒಂದು ಹನಿ ಸವರಿಡಬೇಕು.