ಬಂಗಾರ ನೀಲಿಯಾದರೆ ಮೊದಲು ನೀರನ್ನು ವಿಚಾರಿಸಿ

ವಿಜಯಪುರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನ್ಯಾನೊಕಣಗಳನ್ನು ತಯಾರಿಸಿ ಅವುಗಳ ಬಣ್ಣವನ್ನು ಹದದಲ್ಲಿಡುವುದು ನನ್ನ ಕೆಲಸ. ಹೇಳಿಕೊಳ್ಳಲು ಬಲು ದೊಡ್ಡ ಕೆಲಸ. ಆದರೆ ದಿನದ ಬಹುಪಾಲು ಗಾಜು ತೊಳೆಯುವುದರಲ್ಲಿ, ನೀರಿನ ವಾಹಕತೆ ಅಳೆಯುವುದರಲ್ಲಿ ಕಳೆಯುತ್ತದೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಇದನ್ನು ಕಂಡು ಮೂಗು ಮುರಿಯುತ್ತಾರೆ. ಅವರಿಗೆ ಬೇಕಾದದ್ದು ಕಣ. ನೀರಿನ ಗೊಡವೆ ಯಾರಿಗೆ ಬೇಕು?

ನೀರಿನಲ್ಲಿ ಹರಡಿದ 15–20 ನ್ಯಾನೊಮೀಟರ್ ಗಾತ್ರದ ಬಂಗಾರದ ಗುಂಡು ಕಣಗಳು ಹಳದಿಯಾಗಿ ಕಾಣುವುದಿಲ್ಲ, ಮಾಣಿಕ್ಯದ ಕೆಂಪಾಗಿ ಕಾಣುತ್ತವೆ. ಬೆಳಕು ಬಿದ್ದಾಗ ಕಣದೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ಅತ್ತಿತ್ತ ತೂಗಾಡುತ್ತವೆ. ಈ ತೂಗಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. 520 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಹಸಿರು ಬೆಳಕಿಗೆ ಇದು ಅತಿ ಹೆಚ್ಚು ಸ್ಪಂದಿಸಿ ಆ ಬೆಳಕನ್ನು ನುಂಗುತ್ತದೆ. ಕಣ್ಣಿಗೆ ಉಳಿಯುವುದು ಕೆಂಪು. ಗಾತ್ರ 100 ನ್ಯಾನೊಮೀಟರಿಗೆ ಏರಿದರೆ ಹೀರಿಕೆಯ ಶಿಖರ, ಅಂದರೆ ಅತಿ ಹೆಚ್ಚು ನುಂಗಲ್ಪಡುವ ತರಂಗಾಂತರ, 570ರ ಸುತ್ತಮುತ್ತಕ್ಕೆ ಸರಿಯುತ್ತದೆ. ಗುಂಡಿನ ಬದಲು ಕಡ್ಡಿಯ ಆಕಾರ ಕೊಟ್ಟರೆ ಎರಡು ಶಿಖರಗಳು ಮೂಡುತ್ತವೆ. ಕಡ್ಡಿ ಉದ್ದವಾದಷ್ಟೂ ಎರಡನೆಯದು ಕೆಂಪನ್ನು ದಾಟಿ ಕಣ್ಣಿಗೆ ಕಾಣದ ಅವಕೆಂಪಿಗೆ ಹೋಗುತ್ತದೆ. ಗಾತ್ರ, ಆಕಾರ ಎರಡನ್ನೂ ಪುಸ್ತಕಗಳು ಚೆನ್ನಾಗಿಯೇ ಕಲಿಸುತ್ತವೆ. ಕಣದ ಸುತ್ತ ಏನಿದೆ, ಪಕ್ಕದ ಕಣ ಎಷ್ಟು ದೂರದಲ್ಲಿದೆ ಎಂಬ ಮೂರನೆಯ ವಿಷಯವನ್ನು ನಮ್ಮ ಊರಿನ ಕೊಳವೆಬಾವಿ ಕಲಿಸುತ್ತದೆ.

ತಯಾರಿಕೆಯಲ್ಲಿ ಗುಟ್ಟೇನೂ ಇಲ್ಲ. ವಿಜ್ಞಾನಿ ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ವಿವರಿಸಿದ ವಿಧಾನವನ್ನೇ ಈಗಲೂ ಅನುಸರಿಸುತ್ತೇವೆ. ಬಂಗಾರದ ಲವಣದ ತೆಳು ದ್ರಾವಣವನ್ನು ಕುದಿಸಿ, ಕಲಕುತ್ತಲೇ ಸಿಟ್ರೇಟ್ (ನಿಂಬೆ ಹುಳಿಯ ಲವಣ) ಸುರಿಯಬೇಕು. ತಿಳಿಹಳದಿ ಮಾಯವಾಗಿ ದ್ರಾವಣ ಬಣ್ಣಗೆಡುತ್ತದೆ, ಕಪ್ಪು ಮಿಶ್ರಿತ ನೇರಳೆಯಾಗುತ್ತದೆ, ಕೆಲವು ನಿಮಿಷಗಳಲ್ಲಿ ಕೆಂಪು ತುಂಬಿಕೊಳ್ಳುತ್ತದೆ. ಎಷ್ಟು ಸಲ ಮಾಡಿದರೂ ಆ ಗಳಿಗೆಯಲ್ಲಿ ಫ್ಲಾಸ್ಕಿನಿಂದ ಕಣ್ಣು ಕೀಳಲು ನನಗಾಗುವುದಿಲ್ಲ. ಲವಣವನ್ನು ಸ್ಟೀಲ್ ಚಮಚದಿಂದ ಮುಟ್ಟುವಂತಿಲ್ಲ. ಅದು ಲೋಹವನ್ನು ತಿಂದು ತಾನೂ ಕೆಡುತ್ತದೆ. ಗಾಳಿಯ ತೇವಕ್ಕೆ ಪಸೆಯೊಡೆಯುವ ಆ ದುಬಾರಿ ಪುಡಿಯನ್ನು ತೂಗುತ್ತಾ ಕೂರದೆ, ಬಾಟಲಿ ತೆರೆದ ದಿನವೇ ಪೂರ್ತಿ ಕರಗಿಸಿ ಕಂದು ಶೀಶೆಯಲ್ಲಿಡುವುದು ಜಾಣತನ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ನೇರಳೆಗೆ ತಿರುಗಿದ ದ್ರಾವಣ ಹಿಡಿದು ಬಂದಳು. “ಸರ್, ಸಿಟ್ರೇಟ್ ಕಡಿಮೆ ಬಿದ್ದಿರಬೇಕು. ಕಣ ದಪ್ಪಗಾಗಿದೆ.” ಅನುಮಾನಕ್ಕೆ ಆಧಾರವಿತ್ತು. ಸಿಟ್ರೇಟ್ ಕಡಿಮೆ ಮಾಡಿದರೆ ಕಣ ದೊಡ್ಡದಾಗುತ್ತದೆಂದು ವಿಜ್ಞಾನಿ ಫ್ರೆನ್ಸ್ 1973ರಲ್ಲೇ ತೋರಿಸಿದ್ದಾರೆ. ಆದರೆ ಹಿಂದಿನ ಸಂಜೆ ದ್ರಾವಣ ಚೆನ್ನಾಗಿ ಕೆಂಪಗಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಕಣ ತಾನಾಗಿ ದಪ್ಪಗಾಗುವುದಿಲ್ಲ. ಯಾವ ಬೆಳಕು ಎಷ್ಟು ಹೀರಿಕೆಯಾಗುತ್ತದೆಂದು ತೋರಿಸುವ ವರ್ಣಪಟಲ ತೆಗೆದೆವು. ಕಣ ಬೆಳೆದಿದ್ದರೆ ಒಂದೇ ಶಿಖರ ಇಡಿಯಾಗಿ ಬಲಕ್ಕೆ ಜಾರಿರಬೇಕಿತ್ತು. ಇಲ್ಲಿ 520ರ ಶಿಖರ ಇದ್ದಲ್ಲೇ ಕುಗ್ಗಿತ್ತು, 600ರ ಆಚೆಗೆ ಇನ್ನೊಂದು ಅಗಲವಾದ ದಿಬ್ಬ ಎದ್ದಿತ್ತು.

“ಕಣ ದಪ್ಪಗಾಗಿಲ್ಲ ತಂಗಿ, ಒಂದಕ್ಕೊಂದು ಅಂಟಿಕೊಂಡಿವೆ. ತೆಳು ಮಾಡಲು ಯಾವ ನೀರು ಹಾಕಿದೆ?”

ಕ್ಯಾನಿನ ಮೇಲೆ ‘ಬಟ್ಟಿ ಇಳಿಸಿದ ನೀರು’ ಎಂಬ ಚೀಟಿ ಇತ್ತು. ಒಳಗಿದ್ದದ್ದು ನಲ್ಲಿಯ ಸವಳು ನೀರು. ಖಾಲಿಯಾದದ್ದನ್ನು ಕಂಡು ಯಾರೋ ಪುಣ್ಯಾತ್ಮರು ತುಂಬಿಸಿಟ್ಟಿದ್ದರು. ನಂಬಿಕೆ ಬರಲೆಂದು ಎರಡು ನಳಿಕೆಗಳಲ್ಲಿ ಒಳ್ಳೆಯ ಕೆಂಪು ದ್ರಾವಣ ತೆಗೆದುಕೊಂಡು, ಒಂದಕ್ಕೆ ಶುದ್ಧ ನೀರನ್ನೂ ಇನ್ನೊಂದಕ್ಕೆ ನಲ್ಲಿ ನೀರನ್ನೂ ಸಮಪ್ರಮಾಣದಲ್ಲಿ ಬೆರೆಸಿದೆವು. ಮೊದಲನೆಯದು ತೆಳುಗೆಂಪಾಗಿ ಉಳಿಯಿತು. ಎರಡನೆಯದು ನೋಡುತ್ತಿದ್ದಂತೆ ನೇರಳೆಯಾಗಿ, ಆಮೇಲೆ ನೀಲಿಗೆ ತಿರುಗಿತು.

ಕಣಗಳ ಮೈಗೆ ಅಂಟಿದ ಸಿಟ್ರೇಟ್ ಋಣ ವಿದ್ಯುದಂಶ ಹೊತ್ತಿರುವುದರಿಂದ ಅವು ಪರಸ್ಪರ ದೂರ ತಳ್ಳುತ್ತಿರುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ವಿಕರ್ಷಣೆಯನ್ನು ಅಡಗಿಸುತ್ತವೆ. ಅಡುಗೆ ಉಪ್ಪಿನ ಸೋಡಿಯಮ್ಮಿಗಿಂತ ಇವುಗಳ ಪ್ರಭಾವ ಬಹಳ ಹೆಚ್ಚು. ಕಣಗಳು ಸಮೀಪಿಸಿದಾಗ ಅವುಗಳ ಪ್ಲಾಸ್ಮಾನ್‌ಗಳು ಜೊತೆಗೂಡಿ ಹೀರಿಕೆ ಕೆಂಪಿನ ಕಡೆ ಸರಿಯುತ್ತದೆ. ಉಪ್ಪು ಬಿದ್ದರೆ ಕೆಂಪು ದ್ರಾವಣ ನೀಲಿಯಾಗುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ಬರೆದಿಟ್ಟಿದ್ದಾನೆ. ಕ್ಯಾನಿನ ಆ ಪ್ರಸಂಗದ ದಿನದಿಂದ ನಮ್ಮಲ್ಲಿ 650ರ ಹೀರಿಕೆಯನ್ನು 520ರ ಹೀರಿಕೆಯಿಂದ ಭಾಗಿಸಿ ಬರೆದಿಡುವುದು ಕಡ್ಡಾಯ. ಕಣಗಳು ಅಂಟಿಕೊಂಡರೆ ಈ ಅಂಕಿ ಏರುತ್ತದೆ. ‘ಕೆಂಪಾಗಿಯೇ ಇದೆ’ ಎಂಬ ಮಾತಿಗೆ ದಾಖಲೆ ಪುಸ್ತಕದಲ್ಲಿ ಜಾಗವಿಲ್ಲ.

ಲೋಹವೇ ಇಲ್ಲದ ಬಣ್ಣದಲ್ಲೂ ಸುತ್ತಲಿನದ್ದೇ ಕಾರುಬಾರು. 240 ನ್ಯಾನೊಮೀಟರಿನ ಸಿಲಿಕಾ ಗುಂಡುಗಳನ್ನು ಗಾಜಿನ ಪಟ್ಟಿಯ ಮೇಲೆ ಸಾಲಾಗಿ ಒಣಗಿಸಿದರೆ, ಸಂತೆಯಲ್ಲಿ ಪೇರಿಸಿಟ್ಟ ಮೋಸಂಬಿಯಂತೆ ಪದರಗಳು ಕೂರುತ್ತವೆ. ಸಿಲಿಕಾಕ್ಕೆ ಬಣ್ಣವಿಲ್ಲ, ಆದರೂ ಪದರಗಳಿಂದ ಮರಳುವ ಬೆಳಕು 530ರ ಹತ್ತಿರ ಕೂಡಿಕೊಂಡು ಪಟ್ಟಿ ಹಸಿರಾಗಿ ಹೊಳೆಯುತ್ತದೆ. ಒಂದು ಹನಿ ಆಲ್ಕೊಹಾಲ್ ಬಿಟ್ಟರೆ ಗುಂಡುಗಳ ನಡುವಿನ ಗಾಳಿ ಹೋಗಿ ದ್ರವ ತುಂಬುತ್ತದೆ, ಸರಾಸರಿ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಏರುತ್ತದೆ, ಬಣ್ಣ 560ರ ಕಡೆಗೆ ಹಳದಿ ಬೆರೆತ ಹಸಿರಾಗುತ್ತದೆ. ಆರಿದೊಡನೆ ಹಳೆಯ ಹಸಿರು ಹಿಂದಿರುಗುತ್ತದೆ. ಸವಳು ನೀರು ಕುಡಿದ ಬಂಗಾರಕ್ಕೆ ಆ ಭಾಗ್ಯವಿಲ್ಲ. ಅಂಟಿಕೊಂಡ ಕಣಗಳು ಶುದ್ಧ ನೀರು ಸುರಿದರೂ ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿ ಬಣ್ಣ ಬದಲಾಯಿತು ಎಂದು ಯಾರಾದರೂ ಓಡಿಬಂದರೆ, ಹಿಂದಿರುಗುತ್ತದೆಯೇ ಎಂದು ಮೊದಲು ಕೇಳುತ್ತೇನೆ. ಒಣಗಿಸುವ ವಿಚಾರದಲ್ಲಿ ಒಂದು ಮಾತು: ನಮ್ಮ ಏಪ್ರಿಲ್‌-ಮೇ ತಿಂಗಳ ಒಣಬಿಸಿಲಿಗೆ ಪದರ ಬಿರುಕು ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನಿಧಾನವಾಗಿ ಆರಿಸಬೇಕು.

ಈ ವರ್ಷ ಒಂದು ತಂಡ ದ್ರಾಕ್ಷಿಯ ಮೇಲಿನ ಕೀಟನಾಶಕವನ್ನು ಬಂಗಾರದ ಬಣ್ಣದಿಂದ ಪತ್ತೆ ಮಾಡುವ ಯೋಜನೆ ತಂದಿದೆ. ದ್ರಾಕ್ಷಿಯ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಯೋಚನೆ ಬೇಕೆ? ಕೆಲವು ಕೀಟನಾಶಕಗಳು ಬಂಗಾರದ ಮೈಗೆ ಅಂಟಿ ಕಣಗಳನ್ನು ಗುಂಪುಗೂಡಿಸುವುದೂ ನಿಜ. ಅವರು ತೋಟದಲ್ಲೇ ಗೊಂಚಲು ತೊಳೆದು, ಆ ನೀರನ್ನು ತಂದು ಹನಿಸಿದರು. ದ್ರಾವಣ ನೀಲಿಯಾಯಿತು, ಹುಡುಗರು ಕುಣಿದಾಡಿದರು. ತೊಳೆದದ್ದು ತೋಟದ ಬಾವಿ ನೀರಿನಲ್ಲಿ. ಅದೇ ಬಾವಿಯ ನೀರನ್ನು ದ್ರಾಕ್ಷಿ ಮುಟ್ಟಿಸದೆ ತಂದು ಪಕ್ಕದ ನಳಿಕೆಗೆ ಹಾಕಿ, ಶುದ್ಧ ನೀರಿನಲ್ಲಿ ತೊಳೆದ ಗೊಂಚಲನ್ನೂ ಪರೀಕ್ಷಿಸಿ ಎಂದಿದ್ದೇನೆ. ಮೂರೂ ನಳಿಕೆಗಳ ಅಂಕಿ ಬರುವವರೆಗೆ ಪೋಸ್ಟರ್ ಮುದ್ರಣಕ್ಕೆ ನನ್ನ ಸಹಿ ಸಿಗುವುದಿಲ್ಲ.